ಎತ್ತಿಗೆ ಜ್ವರ, ರೂಟರಿಗೆ ಬರೆ

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಅಬರ್‌ಹೋಸನ್ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿ ಹದಿನೆಂಟು ತಿಂಗಳ ಕಾಲ ಬೆಳಿಗ್ಗೆ ಏಳು ಗಂಟೆಯಾದರೆ ಸಾಕು, ಊರಿಗೆ ಊರೇ ಬ್ರಾಡ್‌ಬ್ಯಾಂಡ್ ಇಲ್ಲದೆ ಒದ್ದಾಡುತ್ತಿತ್ತು. ಜಾಲದ ಉಸ್ತುವಾರಿ ಹೊತ್ತಿದ್ದ ಓಪನ್‌ರೀಚ್ ಸಂಸ್ಥೆಯ ಎಂಜಿನಿಯರುಗಳು ಮತ್ತೆ ಮತ್ತೆ ಬಂದರು, ಪರೀಕ್ಷೆ ಮಾಡಿದರು, ಎಲ್ಲ ಸರಿಯಿದೆ ಎಂದರು. ಊರಿನ ಕೇಬಲ್‌ಗಳ ದೊಡ್ಡ ಭಾಗವನ್ನೇ ಕಿತ್ತು ಹೊಸದು ಎಳೆದರು. ಆಮೇಲೂ ಅದೇ ಕಥೆ. ಕೊನೆಗೆ ಒಂದು ಬೆಳಗಿನ ಜಾವ ತಂಡವೊಂದು ಸ್ಪೆಕ್ಟ್ರಂ ಅನಲೈಸರ್ ಹಿಡಿದು ಸುರಿಯುವ ಮಳೆಯಲ್ಲೇ ಬೀದಿ ಸುತ್ತಿತು. ಸುತ್ತಲಿನ ವಿದ್ಯುತ್ಕಾಂತೀಯ ಗದ್ದಲವನ್ನು ಪರದೆಯ ಮೇಲೆ ತೋರಿಸುವ ಉಪಕರಣ ಅದು. ಸರಿಯಾಗಿ ಏಳಕ್ಕೆ ಪರದೆಯಲ್ಲಿ ಗದ್ದಲ ಎದ್ದಿತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಮನೆಯೊಂದರ ಹಳೇ ಟಿವಿ. ಮನೆಯವರು ಎದ್ದು ಏಳಕ್ಕೆ ಟಿವಿ ಹಾಕುತ್ತಿದ್ದರು, ಅದು ಹೊರಗೆಡಹುವ ಗದ್ದಲ ಇಡೀ ಊರಿನ ಬ್ರಾಡ್‌ಬ್ಯಾಂಡನ್ನು ಕೆಡಿಸುತ್ತಿತ್ತು. ವಿಷಯ ತಿಳಿದು ನಾಚಿಕೊಂಡ ಆ ಮನೆಯವರು ಟಿವಿಯನ್ನು ಮತ್ತೆ ಹಾಕುವುದಿಲ್ಲ ಎಂದು ಒಪ್ಪಿಕೊಂಡರು. 2020ರ ಸೆಪ್ಟೆಂಬರಿನಲ್ಲಿ ಓಪನ್‌ರೀಚ್ ಈ ಪ್ರಸಂಗವನ್ನು ಬಹಿರಂಗಪಡಿಸಿದಾಗ ಊರಿನ ಬ್ರಾಡ್‌ಬ್ಯಾಂಡ್ ಸರಿಹೋಗಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮ ಮನೆಗಳಲ್ಲಿ ಇಂಟರ್ನೆಟ್ ಕೈಕೊಟ್ಟಾಗ ಬರೆ ಬೀಳುವುದು ಯಾವಾಗಲೂ ರೂಟರಿಗೆ. ಮೊದಲು ಅದನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ಜಗ್ಗದಿದ್ದರೆ ಹಿಂಬದಿಯ ಪುಟ್ಟ ತೂತಿಗೆ ಪಿನ್ನು ಚುಚ್ಚಿ ಒತ್ತಿ ಹಿಡಿಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ‘ರೂಟರ್ ಹಳೇದಾಯ್ತು’ ಎಂದು ತೀರ್ಮಾನಿಸಿ ಹೊಸದನ್ನು ತರಿಸುತ್ತಾರೆ. ಅಸಲಿ ತಾಪತ್ರಯ ಶುರುವಾಗುವುದೇ ಅಲ್ಲಿಂದ.

ಫೋನಿನ ಪರದೆಗೂ ಹೊರಗಿನ ಜಗತ್ತಿಗೂ ನಡುವೆ ಹಲವು ಕೊಂಡಿಗಳಿವೆ. ಬೀದಿಯ ಕಂಬದಿಂದ ಮನೆಗೆ ಇಳಿಯುವ ಫೈಬರ್, ಅದರಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಒಎನ್‌ಟಿ ಪೆಟ್ಟಿಗೆ, ಅಲ್ಲಿಂದ ರೂಟರಿಗೆ ಹೋಗುವ ಲ್ಯಾನ್ ಕೇಬಲ್, ರೂಟರ್, ಕೊನೆಗೆ ರೂಟರಿನಿಂದ ಫೋನಿನವರೆಗಿನ ರೇಡಿಯೋ ಅಲೆ. ಒಎನ್‌ಟಿಯನ್ನು ಹೆಚ್ಚಿನವರು ಈಗಲೂ ಮೋಡೆಮ್ ಎಂದೇ ಕರೆಯುತ್ತಾರೆ, ಬಹಳಷ್ಟು ಮನೆಗಳಲ್ಲಿ ಒಎನ್‌ಟಿ ಮತ್ತು ರೂಟರ್ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ವೈಫೈ ಎಂಬುದು ಈ ಸಾಲಿನ ಕೊನೆಯ ಕೊಂಡಿ ಮಾತ್ರ. ಹಾಗಾಗಿಯೇ ಫೋನಿನಲ್ಲಿ ವೈಫೈ ಗೆರೆಗಳು ಭರ್ತಿ ಇದ್ದೂ ಒಂದೇ ಒಂದು ಪುಟ ತೆರೆಯದೆ ಇರಬಹುದು. ಗೆರೆಗಳು ಹೇಳುವುದು ರೂಟರ್ ಹತ್ತಿರದಲ್ಲಿದೆ ಎಂದಷ್ಟೇ. ಅದರ ಬೆನ್ನ ಹಿಂದೆ ಏನು ನಡೆದಿದೆ ಎಂಬುದು ಫೋನಿಗೆ ಕಾಣದು.

ಆದ್ದರಿಂದ ಮೊದಲು ನೋಡಬೇಕಾದ್ದು ಒಎನ್‌ಟಿಯ ದೀಪಗಳನ್ನು. ‘ಪಾನ್’ ದೀಪ ಹಸಿರಾಗಿ ನಿಂತಿದ್ದರೆ ಕಂಪನಿಯ ಜಾಲಕ್ಕೂ ಮನೆಗೂ ನಂಟು ಕೂಡಿದೆ ಎಂದರ್ಥ. ಮಿನುಗುತ್ತಲೇ ಇದ್ದರೆ ನಂಟು ಕೂಡಿಸಿಕೊಳ್ಳಲು ಹೆಣಗುತ್ತಿದೆ. ‘ಲಾಸ್’ ದೀಪ ಕೆಂಪಗಿದ್ದರೆ ಬೆಳಕೇ ಬರುತ್ತಿಲ್ಲ. ಆಗ ರೂಟರನ್ನು ನೂರು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ಕಂಬದ ಮೇಲೆ ಅಳಿಲು ಕೇಬಲ್ ಕಚ್ಚಿರಬಹುದು, ಕರೆಂಟಿನವರು ಕೊಂಬೆ ಕಡಿಯುವಾಗ ಹರಿದಿರಬಹುದು, ಟಿವಿ ಸ್ಟ್ಯಾಂಡಿನ ಹಿಂದೆ ಗುಡಿಸುವಾಗ ಫೈಬರಿನ ಹಳದಿ ವೈರು ಮಡಚಿಕೊಂಡಿರಬಹುದು.

ಆ ಹಳದಿ ವೈರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಳಗಿರುವ ಗಾಜಿನ ಎಳೆಯ ದಪ್ಪ 125 ಮೈಕ್ರಾನ್. ಅದರ ನಡುವೆ ಬೆಳಕು ಓಡುವ ತಿರುಳು ಇನ್ನೂ ಸಪೂರ, ಸುಮಾರು 9 ಮೈಕ್ರಾನ್. ಒಂದು ಮಿಲಿಮೀಟರ್ ಅಗಲದಲ್ಲಿ ಇಂಥ ನೂರಕ್ಕೂ ಹೆಚ್ಚು ತಿರುಳುಗಳನ್ನು ಸಾಲಾಗಿ ಜೋಡಿಸಬಹುದು. ತುದಿಯ ಪ್ಲಗ್ಗಿನ ಮೇಲೆ ಒಂದು ಧೂಳಿನ ಕಣ ಕೂತರೂ ಬೆಳಕಿಗೆ ಅದು ಗೋಡೆ. ವೈರನ್ನು ಸಣ್ಣ ಸುರುಳಿ ಸುತ್ತಿ ಕಟ್ಟಿದರೆ ಬಾಗಿದ ಜಾಗದಲ್ಲಿ ಬೆಳಕು ತಿರುಳಿನಿಂದ ಆಚೆ ಸೋರಿಹೋಗುತ್ತದೆ. ಪ್ಲಗ್ಗಿನ ಬಣ್ಣವೂ ಸುಮ್ಮನೆ ಚೆಂದಕ್ಕೆ ಕೊಟ್ಟದ್ದಲ್ಲ. ಹಸಿರು ಪ್ಲಗ್ಗಿನ ಗಾಜಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದರಲ್ಲಿ ಆ ಓರೆ ಇರುವುದಿಲ್ಲ. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಎರಡು ತುದಿಗಳ ನಡುವೆ ಸಂದು ಉಳಿದು ಬೆಳಕು ಪೋಲಾಗುತ್ತದೆ. ಅಂದಹಾಗೆ, ಬಿಚ್ಚಿದ ತುದಿಯನ್ನು ಕಣ್ಣಿಗೆ ಹಿಡಿದು ‘ಬೆಳಕು ಬರ್ತಾ ಇದೆಯಾ’ ಎಂದು ನೋಡುವುದು ಬೇಡ. ಕಂಪನಿಯಿಂದ ಬರುವ ಬೆಳಕು 1490 ನ್ಯಾನೊಮೀಟರಿನದು, ಮನೆಯಿಂದ ಹೋಗುವುದು 1310ರದು. ಎರಡೂ ಅವಗೆಂಪು, ಕಣ್ಣಿಗೆ ಕಾಣುವುದಿಲ್ಲ, ಕಣ್ಣಿಗೆ ಒಳ್ಳೆಯದೂ ಅಲ್ಲ.

ಲೈನ್‌ಮನ್ ಬಂದವನೇ ಪವರ್ ಮೀಟರ್ ಸಿಕ್ಕಿಸಿ ‘ಮೈನಸ್ ಇಪ್ಪತ್ತೆರಡು, ಪರವಾಗಿಲ್ಲ’ ಎನ್ನುವುದನ್ನು ಹಲವರು ಕೇಳಿರುತ್ತಾರೆ. ಅದು ಡಿಬಿಎಂ ಎಂಬ ಅಳತೆ. ಸಾಮಾನ್ಯ ಒಎನ್‌ಟಿ ಪೆಟ್ಟಿಗೆ ಮೈನಸ್ 27ರವರೆಗೆ ಏಗುತ್ತದೆ. ಮೈನಸ್ 27 ಎಂದರೆ ಒಂದು ಮಿಲಿವ್ಯಾಟ್‌ನ ಐನೂರನೇ ಒಂದು ಪಾಲು ಬೆಳಕು. ಅದಕ್ಕಿಂತ ಕೆಳಗಿಳಿದರೆ ನಂಟು ಬಿಟ್ಟು ಬಿಟ್ಟು ಬರುತ್ತದೆ. ಈ ಜಾಲದ ಇನ್ನೊಂದು ಗುಣವನ್ನೂ ಇಲ್ಲೇ ಹೇಳಬೇಕು. ಕಂಪನಿಯ ಕಚೇರಿಯಿಂದ ಹೊರಟ ಒಂದೇ ಎಳೆಯನ್ನು ದಾರಿಯಲ್ಲಿ 32 ಅಥವಾ 64 ಮನೆಗಳಿಗೆ ಕವಲೊಡೆಸುವ ಪೆಟ್ಟಿಗೆಗಳಿಗೆ ಕರೆಂಟೇ ಬೇಡ, ಬೆಳಕು ಗಾಜಿನೊಳಗೇ ಪಾಲಾಗುತ್ತದೆ. ಬೀದಿಯಲ್ಲಿ ಕರೆಂಟ್ ಹೋದಾಗ ಮನೆಯ ಒಎನ್‌ಟಿ ಮತ್ತು ರೂಟರಿಗೆ ಒಂದು ಮಿನಿ ಯುಪಿಎಸ್ ಇದ್ದರೆ ಇಂಟರ್ನೆಟ್ ಉಳಿಯುವುದು ಈ ಕಾರಣಕ್ಕೆ. ಲೋಡ್‌ಶೆಡ್ಡಿಂಗ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುವವರಿಗೆ ದುಬಾರಿ ರೂಟರಿಗಿಂತ ಇದೇ ಹೆಚ್ಚು ಲಾಭದ ಖರ್ಚು.

ಕರೆಂಟಿನ ಮಾತು ಬಂದಾಗ ಅಡಾಪ್ಟರನ್ನು ಮರೆಯಬಾರದು. ಎಷ್ಟೋ ರೂಟರುಗಳು 12 ವೋಲ್ಟಿನವು, ಕೆಲವು 9 ವೋಲ್ಟಿನವು. ಪಿನ್ನು ಮಾತ್ರ ಎರಡಕ್ಕೂ ಕೂರುತ್ತದೆ. ಡ್ರಾಯರಿನಲ್ಲಿ ಸಿಕ್ಕ ಅಡಾಪ್ಟರ್ ಸಿಕ್ಕಿಸಿದರೆ ದೀಪಗಳೆಲ್ಲ ಹೊತ್ತಿಕೊಳ್ಳಬಹುದು, ನಾಲ್ಕು ಫೋನು ಒಟ್ಟಿಗೆ ವಿಡಿಯೋ ಎಳೆಯತೊಡಗಿದೊಡನೆ ರೂಟರ್ ತಾನಾಗಿ ಸತ್ತು ಹುಟ್ಟುತ್ತದೆ. ಹಳೆಯ ಅಡಾಪ್ಟರಿನೊಳಗಿನ ಕೆಪಾಸಿಟರ್ ಒಣಗಿದರೂ ಇದೇ ಲಕ್ಷಣ. ಇನ್ನು ಕರಾವಳಿ, ಮಲೆನಾಡಿನವರಿಗೆ ಗುಡುಗು ಶುರುವಾದೊಡನೆ ಪ್ಲಗ್ ಕೀಳುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಸಿಡಿಲಿನ ಪೆಟ್ಟು ಪೆಟ್ಟಿಗೆಗೆ ಹೆಚ್ಚಾಗಿ ತಲುಪುವುದು ಕರೆಂಟಿನ ತಂತಿಯ ಮೂಲಕ.

ಈಗ ಹೊಸ ರೂಟರ್ ಮನೆಗೆ ಬಂದ ದಿನಕ್ಕೆ ಬರೋಣ. ಡಬ್ಬಿ ಬಿಚ್ಚಿ, ಹಳೆಯ ಒಎನ್‌ಟಿಯಿಂದ ಒಂದು ಕೇಬಲ್ ಎಳೆದು, ಹೊಸದಕ್ಕೆ ಸಿಕ್ಕಿಸಿ ಆಯಿತು. ಫೋನು ‘ಕನೆಕ್ಟೆಡ್, ನೋ ಇಂಟರ್ನೆಟ್’ ಎನ್ನುತ್ತದೆ. ಕೇಬಲನ್ನು ನೀಲಿ ಅಥವಾ ಬೇರೆ ಬಣ್ಣದ ವ್ಯಾನ್ (ಹೊರಜಾಲದ) ಕಿಂಡಿಗೆ ಹಾಕುವ ಬದಲು ಪಕ್ಕದ ಲ್ಯಾನ್ ಕಿಂಡಿಗೆ ಹಾಕಿದ್ದಾರೆಯೇ ಎಂದು ನೋಡಬೇಕು, ಬಣ್ಣ ಬಿಟ್ಟರೆ ನೋಡಲು ಎರಡೂ ಒಂದೇ ಥರ. ಅದು ಸರಿಯಿದ್ದರೆ ಸಂಶಯ ಪಡಬೇಕಾದ್ದು ವಿಳಾಸದ ಮೇಲೆ.

ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ ಒಟ್ಟು ಇರುವುದು ಸುಮಾರು 429 ಕೋಟಿ ವಿಳಾಸಗಳು. ಪ್ರಾಂತೀಯ ಸಂಸ್ಥೆಗಳಿಗೆ ಹಂಚಲು ಇಟ್ಟಿದ್ದ ಅದರ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಹಾಗಿದ್ದೂ ಮನೆಯ ಹತ್ತಾರು ಸಾಧನಗಳು ನಡೆಯುತ್ತಿವೆ, ಏಕೆಂದರೆ 192.168ರಿಂದ ಶುರುವಾಗುವಂಥ ಕೆಲವು ವಿಳಾಸಗಳನ್ನು ಮನೆಯೊಳಗಿನ ಬಳಕೆಗೆಂದೇ 1990ರ ದಶಕದಲ್ಲಿ ತೆಗೆದಿಟ್ಟರು. ಅವು ಬೀದಿಯಲ್ಲಿ ನಡೆಯುವುದಿಲ್ಲ. ರೂಟರ್ ಅಪಾರ್ಟ್‌ಮೆಂಟಿನ ಗೇಟಿನ ವಾಚ್‌ಮನ್ ಹಾಗೆ. ಹೊರಗಿನವರಿಗೆ ಗೊತ್ತಿರುವುದು ಕಟ್ಟಡದ ವಿಳಾಸವೊಂದೇ. ಯಾವ ಪಾರ್ಸೆಲ್ ಯಾವ ಮನೆಯವರು ತರಿಸಿದ್ದು ಎಂದು ಪುಸ್ತಕದಲ್ಲಿ ಬರೆದುಕೊಂಡು ಒಳಗೆ ಮುಟ್ಟಿಸುವುದು ಅವನ ಕೆಲಸ. ಇದಕ್ಕೆ ನ್ಯಾಟ್ ಎನ್ನುತ್ತಾರೆ.

ತೊಂದರೆ ಏನೆಂದರೆ, ಕಂಪನಿ ಕೊಟ್ಟ ಒಎನ್‌ಟಿ ಬಹುಪಾಲು ಮನೆಗಳಲ್ಲಿ ತಾನೇ ಒಂದು ರೂಟರ್ ಕೂಡ. ಅದರ ಸ್ವಂತ ವಿಳಾಸ 192.168.1.1. ಅಂಗಡಿಯಿಂದ ತಂದ ಹೊಸ ರೂಟರಿನದೂ ಅನೇಕ ಸಲ ಅದೇ 192.168.1.1. ಈಗ ಹೊಸ ರೂಟರಿಗೆ ಹೊರಗಿನ ಬಾಗಿಲ ಕಡೆಯೂ 192.168.1, ಮನೆಯೊಳಗೂ 192.168.1. ಮಾಹಿತಿಯ ಒಂದು ಪೊಟ್ಟಣವನ್ನು ಯಾವ ಕಡೆ ಕಳಿಸಬೇಕು ಎಂಬುದೇ ತಿಳಿಯದೆ ಅದು ಸುಮ್ಮನೆ ಕೂರುತ್ತದೆ. ಉಪಾಯ ಸುಲಭ. ಹೊಸದರ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಅದರ ಮನೆಯೊಳಗಿನ ವಿಳಾಸವನ್ನು 192.168.5.1 ಎಂದೋ ಮತ್ತೇನೋ ಬದಲಿಸಿದರೆ ಜಗಳ ಮುಗಿಯಿತು. ಇನ್ನೂ ಚೊಕ್ಕವಾದ ದಾರಿಯೆಂದರೆ ಹೊಸದನ್ನು ‘ಆಕ್ಸೆಸ್ ಪಾಯಿಂಟ್’ ಮಾಡಿಬಿಡುವುದು. ಆಗ ಅದು ವಿಳಾಸ ಹಂಚುವ ಉಸಾಬರಿಗೆ ಹೋಗದೆ ವೈಫೈ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ. ಎರಡೂ ಪೆಟ್ಟಿಗೆಗಳು ವಾಚ್‌ಮನ್ ಆಗಿ ಕೂತರೆ ಯೂಟ್ಯೂಬ್ ಏನೋ ನಡೆಯುತ್ತದೆ, ಆನ್‌ಲೈನ್ ಆಟ, ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡುವುದು ಇಂಥವು ಮುಗ್ಗರಿಸುತ್ತವೆ.

ಒಎನ್‌ಟಿಯನ್ನು ಬ್ರಿಡ್ಜ್ ಮಾಡಿ, ಅಂದರೆ ಅದರ ರೂಟರ್ ಕೆಲಸ ನಿಲ್ಲಿಸಿ, ಹೊಸ ರೂಟರಿಗೇ ಪೂರ್ತಿ ಜವಾಬ್ದಾರಿ ವಹಿಸುವವರೂ ಇದ್ದಾರೆ. ಅವರಿಗೆ ಪಿಪಿಪಿಓಇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬೇಕು. 1999ರಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ರೂಟರ್ ಪ್ರತಿಸಲ ಕಂಪನಿಯ ಕಂಪ್ಯೂಟರಿಗೆ ಲಾಗಿನ್ ಆಗಬೇಕು. ಕೆಲವು ಕಂಪನಿಗಳು ವಿಲ್ಯಾನ್ ಎಂಬ ಒಂದು ಸಂಖ್ಯೆಯನ್ನೂ ಕೇಳುತ್ತವೆ, ಕೆಲವು ಹಳೆಯ ರೂಟರಿನ ಮ್ಯಾಕ್ ವಿಳಾಸವನ್ನು (ಯಂತ್ರದ ಗುರುತಿನ ಸಂಖ್ಯೆ) ನೆನಪಿಟ್ಟುಕೊಂಡು ಹೊಸದನ್ನು ಒಳಗೇ ಬಿಡುವುದಿಲ್ಲ. ಹಿಂಬದಿಯ ತೂತಿಗೆ ಪಿನ್ನು ಚುಚ್ಚುವ ಅಭ್ಯಾಸ ಕೆಟ್ಟದ್ದು ಎನ್ನುವುದು ಇದೇ ಕಾರಣಕ್ಕೆ. ರೀಬೂಟ್ ಬೇರೆ, ರೀಸೆಟ್ ಬೇರೆ. ಪಿನ್ನು ಚುಚ್ಚಿದರೆ ಯೂಸರ್‌ನೇಮ್, ವಿಲ್ಯಾನ್, ವೈಫೈ ಹೆಸರು ಎಲ್ಲ ಅಳಿಸಿಹೋಗಿ, ಅರ್ಧ ಗಂಟೆಯಲ್ಲಿ ತಾನಾಗಿ ಸರಿಹೋಗಬಹುದಾಗಿದ್ದ ಸಮಸ್ಯೆ ಲೈನ್‌ಮನ್ ಬರುವವರೆಗೆ ಎಳೆಯುತ್ತದೆ. ಪಿಪಿಪಿಓಇಯದು ಇನ್ನೊಂದು ಸಣ್ಣ ಚೇಷ್ಟೆಯಿದೆ. ಪ್ರತಿ ಪೊಟ್ಟಣದಲ್ಲೂ 8 ಬೈಟ್ ಜಾಗವನ್ನು ಅದು ತನಗೆ ಇಟ್ಟುಕೊಳ್ಳುವುದರಿಂದ 1500 ಇರಬೇಕಾದ ಎಂಟಿಯು, ಅಂದರೆ ಪೊಟ್ಟಣದ ಗರಿಷ್ಠ ಗಾತ್ರ, 1492ಕ್ಕೆ ಇಳಿಯುತ್ತದೆ. ರೂಟರಿನಲ್ಲಿ ಇದು ತಪ್ಪಿದ್ದರೆ ವಾಟ್ಸಾಪ್ ಬರುತ್ತದೆ, ಆದರೆ ಕೆಲವು ಸೈಟುಗಳು ಮಾತ್ರ ತೆರೆಯುವುದೇ ಇಲ್ಲ.

ಎಲ್ಲಿ ಕೊಂಡಿ ಕಳಚಿದೆ ಎಂದು ತಿಳಿಯಲು ನಲವತ್ತು ವರ್ಷಗಳಿಂದ ಒಂದು ಪುಟ್ಟ ಸಾಧನವಿದೆ: ಪಿಂಗ್. ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ತನ್ನ ಜಾಲ ಕೆಟ್ಟಾಗ ಕೂತು ಬರೆದ ಪ್ರೋಗ್ರಾಂ ಅದು. ಜಲಾಂತರ್ಗಾಮಿಗಳ ಸೋನಾರ್ ಶಬ್ದದಿಂದ ಹೆಸರು ಬಂತು. ಲ್ಯಾಪ್‌ಟಾಪಿನಿಂದ ಮೊದಲು ರೂಟರಿನ ವಿಳಾಸಕ್ಕೆ ಪಿಂಗ್ ಮಾಡಬೇಕು. ಉತ್ತರ ಬರದಿದ್ದರೆ ತೊಂದರೆ ಮನೆಯೊಳಗೇ ಇದೆ. ಬಂದರೆ 8.8.8.8ಕ್ಕೆ, ಅಂದರೆ ಗೂಗಲ್‌ನ ಒಂದು ಸರ್ವರಿಗೆ. ಅದಕ್ಕೂ ಉತ್ತರ ಬಂದು, ಹೆಸರು ಹೊಡೆದರೆ ಮಾತ್ರ ಸೈಟು ತೆರೆಯದಿದ್ದರೆ ಕೆಟ್ಟಿರುವುದು ಡಿಎನ್‌ಎಸ್, ಹೆಸರನ್ನು ವಿಳಾಸವಾಗಿ ಬದಲಿಸುವ ವ್ಯವಸ್ಥೆ. ರೂಟರಿನಲ್ಲಿ ಡಿಎನ್‌ಎಸ್ ಜಾಗಕ್ಕೆ ಆ 8.8.8.8 ಅನ್ನೇ ಬರೆದರೆ ಸಾಕು. ಲ್ಯಾಪ್‌ಟಾಪಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಯಾವ ಪಿಂಗ್ ಕೂಡ ಬೇಡ. ವಿಳಾಸ ಹಂಚುವವರು ಯಾರೂ ಸಿಗದೆ ಅದು ತಾನೇ ಒಂದನ್ನು ಇಟ್ಟುಕೊಂಡಿದೆ.

ವೇಗದ ದೂರುಗಳಲ್ಲಿ ಒಂದು ಸಂಖ್ಯೆಯನ್ನು ಕಂಡೊಡನೆ ಬಲ್ಲವರು ಮುಗುಳ್ನಗುತ್ತಾರೆ. 94. ತಿಂಗಳಿಗೆ ದುಡ್ಡು ಕೊಡುವುದು 300 ಎಂಬಿಪಿಎಸ್‌ಗೆ, ಸ್ಪೀಡ್ ಟೆಸ್ಟ್ ತೋರಿಸುವುದು ಪ್ರತಿಸಲವೂ 94. ವೈಫೈ ದುರ್ಬಲವಾಗಿದ್ದರೆ ಅಂಕಿ ಏರಿಳಿಯಬೇಕಿತ್ತು. ಇದು ಗೋಡೆಗೆ ತಾಗಿದ ಹಾಗೆ ಒಂದೇ ಕಡೆ ನಿಲ್ಲುತ್ತದೆ. ಕಾರಣ ಬಹುತೇಕ ಲ್ಯಾನ್ ಕೇಬಲ್ಲೇ. ಕೇಬಲ್ಲಿನೊಳಗೆ ಎಂಟು ತಂತಿಗಳು, ನಾಲ್ಕು ಜೋಡಿ. 100 ಎಂಬಿಪಿಎಸ್ ವೇಗಕ್ಕೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಜಾಕ್ ಕ್ರಿಂಪ್ ಮಾಡುವಾಗ ಗಿಗಾಬಿಟ್‌ಗಷ್ಟೇ ಬೇಕಾದ ಜೋಡಿಗಳ ಒಂದು ತಂತಿ ಸರಿಯಾಗಿ ಕಚ್ಚದಿದ್ದರೆ ಎರಡೂ ಕಡೆಯ ಪೆಟ್ಟಿಗೆಗಳು ಜಗಳವಾಡದೆ 100ಕ್ಕೆ ಇಳಿದುಬಿಡುತ್ತವೆ. ಆ ನೂರರಲ್ಲಿ ಐದಾರು ಪಾಲು ಪೊಟ್ಟಣಗಳ ಮೇಲಿನ ವಿಳಾಸ, ಲೆಕ್ಕಪತ್ರಗಳಿಗೆ ಹೋಗಿ ಉಳಿಯುವುದು 94-95. ಕೆಲವು ಅಗ್ಗದ ರೂಟರುಗಳ ಕಿಂಡಿಗಳೇ 100ರವು, ಅಲ್ಲಿ ಕೇಬಲ್ ಬದಲಿಸಿಯೂ ಫಲವಿಲ್ಲ. ಜೊತೆಗೆ, ಪ್ಲಾನಿನಲ್ಲಿ ಬರೆದಿರುವುದು ಮೆಗಾಬಿಟ್, ಡೌನ್‌ಲೋಡ್ ಕಿಟಕಿ ತೋರಿಸುವುದು ಮೆಗಾಬೈಟ್. 100ರ ಸಂಪರ್ಕದಲ್ಲಿ 12.5ಕ್ಕಿಂತ ಹೆಚ್ಚು ಕಾಣುವುದಿಲ್ಲ, ಅದು ಮೋಸವಲ್ಲ.

ಇಷ್ಟೆಲ್ಲ ಸರಿಯಿದ್ದಾಗ ಮಾತ್ರ ರೇಡಿಯೋ ಅಲೆಯನ್ನು ದೂರಬೇಕು. ವೈಫೈ ಮೊದಲು ನೆಲೆಯೂರಿದ 2.4 ಗಿಗಾಹರ್ಟ್ಸ್ ಪಟ್ಟಿ ಮೈಕ್ರೋವೇವ್ ಒಲೆಯಂಥ ಯಂತ್ರಗಳಿಗೆಂದು ಬಿಟ್ಟಿದ್ದ ಜಾಗ. 1985ರಲ್ಲಿ ಅಮೆರಿಕ ಅಲ್ಲಿ ಲೈಸೆನ್ಸ್ ಇಲ್ಲದೆ ಸಂಪರ್ಕ ಸಾಧನ ಬಳಸಲು ಅನುಮತಿ ಕೊಟ್ಟಿತು. ಭಾರತದಲ್ಲಿ ಅಂಥ ವಿನಾಯಿತಿಯ ನಿಯಮ ಹೊರಟಿದ್ದು 2005ರಲ್ಲಿ. ಒಲೆ ಉರಿಯುವುದು 2.45 ಗಿಗಾಹರ್ಟ್ಸ್‌ನಲ್ಲಿ. ಬಾಗಿಲ ಸಂದಿಯಿಂದ ಸೋರುವ ಅತ್ಯಲ್ಪ ಅಲೆಯೂ ಪಕ್ಕದ ರೂಟರಿಗೆ ಭಾರೀ ಗದ್ದಲ, ಏಕೆಂದರೆ ದೂರದ ಕೋಣೆಯಲ್ಲಿ ಫೋನಿಗೆ ದಕ್ಕುವ ಸಂಕೇತ ಮೈನಸ್ 70 ಡಿಬಿಎಂ ಆಸುಪಾಸಿನದು. ಒಂದು ಮಿಲಿವ್ಯಾಟ್‌ನ ಕೋಟಿಯಲ್ಲಿ ಒಂದು ಪಾಲು!

ಇದಕ್ಕೆ ಖಗೋಳ ವಿಜ್ಞಾನಿಗಳೂ ಬೇಸ್ತುಬಿದ್ದಿದ್ದಾರೆ. ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿ 1998ರಿಂದ ಆಗೊಮ್ಮೆ ಈಗೊಮ್ಮೆ ವಿಚಿತ್ರ ಮಿಡಿತಗಳು ದಾಖಲಾಗುತ್ತಿದ್ದವು. ದೂರದ ಬ್ರಹ್ಮಾಂಡದಿಂದ ಬರುವ ಸಂಕೇತಗಳನ್ನು ಹೋಲುತ್ತಿದ್ದ ಅವು ಕಚೇರಿ ವೇಳೆಯಲ್ಲೇ ಬರುತ್ತಿದ್ದವು. 2015ರಲ್ಲಿ ಎಮಿಲಿ ಪೆಟ್ರಾಫ್ ಮತ್ತು ಸಂಗಡಿಗರು ಮೂಲ ಹಿಡಿದರು. ಊಟ ಬಿಸಿಯಾಗುವ ಮೊದಲೇ ಯಾರೋ ಮೈಕ್ರೋವೇವ್ ಒಲೆಯ ಬಾಗಿಲು ಎಳೆದು ತೆಗೆಯುತ್ತಿದ್ದರು! ಆ ದೂರದರ್ಶಕವನ್ನು ನಡೆಸುವುದು ಸಿಎಸ್‌ಐಆರ್‌ಒ ಸಂಸ್ಥೆ. ಗೋಡೆಗಳಿಗೆ ಬಡಿದು ಪ್ರತಿಧ್ವನಿಸುವ ಅಲೆಗಳ ನಡುವೆಯೂ ವೇಗವಾಗಿ ಮಾಹಿತಿ ಕಳಿಸುವ ವಿಧಾನವನ್ನು 1990ರ ದಶಕದಲ್ಲಿ ಪೇಟೆಂಟ್ ಮಾಡಿದ್ದೂ ಅದೇ ಸಂಸ್ಥೆಯ ಜಾನ್ ಒ’ಸಲಿವನ್ ತಂಡ. ಅವರು ಕೂಡ ರೇಡಿಯೋ ಖಗೋಳದವರೇ. ವೈಫೈ ಕಂಪನಿಗಳಿಂದ ಆ ಪೇಟೆಂಟ್‌ಗೆ ಬಂದ ಹಣ 43 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು.

ಮನೆಯ ಮಟ್ಟಿಗೆ ಈ ಗದ್ದಲದ ಕಥೆಯಿಂದ ಕಲಿಯುವುದು ಇಷ್ಟೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ಅಕ್ಕಪಕ್ಕದ ಹತ್ತು ಮನೆಯವರು ಆರರಲ್ಲಿದ್ದರೆ ಹನ್ನೊಂದಕ್ಕೋ ಒಂದಕ್ಕೋ ಹೋಗಬೇಕು, ಮೂರು ನಾಲ್ಕಕ್ಕೆ ಹೋದರೆ ಎರಡೂ ಕಡೆಯ ಗದ್ದಲ ಕೇಳುತ್ತದೆ. 5 ಗಿಗಾಹರ್ಟ್ಸ್ ಪಟ್ಟಿ ವಿಶಾಲ, ಆದರೆ ಗೋಡೆಗಳಿಗೆ ಬೇಗ ಸೋಲುತ್ತದೆ. ಆರ್‌ಸಿಸಿ ಗೋಡೆಯೊಳಗಿನ ಕಬ್ಬಿಣ, ಬೀರುವಿನ ಕನ್ನಡಿ, ಮಲೆನಾಡಿನ ಹಳೇ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಯಾವುದೂ ಅದಕ್ಕೆ ಸ್ನೇಹಿತರಲ್ಲ. ರೂಟರನ್ನು ಟಿವಿಯ ಹಿಂದೆ ಬಚ್ಚಿಡದೆ ಮನೆಯ ನಡುವೆ, ಎತ್ತರದಲ್ಲಿ, ಬಯಲಿನಲ್ಲಿ ಇಡುವುದು ಯಾವ ಬೂಸ್ಟರಿಗಿಂತಲೂ ಮೇಲು. ಕೆಲವು ರೂಟರುಗಳಲ್ಲಿ ಆನ್ ಮಾಡಿದ ಮೇಲೆ ಒಂದು ನಿಮಿಷ 5 ಗಿಗಾಹರ್ಟ್ಸ್ ಹೆಸರು ಕಾಣಿಸುವುದಿಲ್ಲ. ಕೆಟ್ಟಿಲ್ಲ. ಆ ಚಾನೆಲ್‌ನಲ್ಲಿ ರಾಡಾರ್ ಏನಾದರೂ ಇದೆಯೇ ಎಂದು ನಿಯಮದಂತೆ 60 ಸೆಕೆಂಡ್ ಕಿವಿಗೊಟ್ಟು ಕೇಳುತ್ತಿರುತ್ತದೆ. ಇನ್ನು ಹೊಸ ಸ್ಮಾರ್ಟ್ ಬಲ್ಬೋ ಪ್ಲಗ್ಗೋ ರೂಟರಿಗೆ ಸೇರುತ್ತಿಲ್ಲ ಎಂದರೆ ಅದಕ್ಕೆ 2.4 ಮಾತ್ರ ಬರುತ್ತದೆ ಎಂಬುದು ಸಾಮಾನ್ಯ ಕಾರಣ. ಸ್ವಲ್ಪ ಹೊತ್ತು 5ನ್ನು ಆಫ್ ಮಾಡಿ, ಭದ್ರತೆಯನ್ನು ಡಬ್ಲ್ಯುಪಿಎ2ರಲ್ಲಿ ಇಟ್ಟು ಜೋಡಿಸಿದರೆ ಒಪ್ಪಿಕೊಳ್ಳುತ್ತದೆ.

ಎಲ್ಲ ನಡೆಯತೊಡಗಿದ ಮೇಲೆ ಜನ ಬಿಟ್ಟುಬಿಡುವ ಕೆಲಸ ಒಂದಿದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲೋಕದ ಲಕ್ಷಾಂತರ ಕ್ಯಾಮೆರಾ, ರೂಟರುಗಳೊಳಗೆ ಹೊಕ್ಕಿದ್ದು ಯಾವ ಮಹಾ ಚಾತುರ್ಯದಿಂದಲೂ ಅಲ್ಲ, ಕಾರ್ಖಾನೆಯಲ್ಲಿ ಇಟ್ಟ ‘ಅಡ್ಮಿನ್, ಅಡ್ಮಿನ್’ ಥರದ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹೊಡೆದು ನೋಡಿ. ಆ ವರ್ಷದ ಅಕ್ಟೋಬರ್ 21ರಂದು ಅದೇ ಸಾಧನಗಳ ದಂಡು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್ ಮುಂತಾದ ದೊಡ್ಡ ತಾಣಗಳು ಹಲವರಿಗೆ ಗಂಟೆಗಟ್ಟಲೆ ಸಿಗದಾದವು. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯದ ಪಿನ್ ಸಂಖ್ಯೆಯೂ ಹೀಗೇ ಟೊಳ್ಳು. ನೋಡಲು ಎಂಟು ಅಂಕಿ, ಆದರೆ ರೂಟರ್ ಅದನ್ನು ಎರಡು ಭಾಗ ಮಾಡಿ ಪರಿಶೀಲಿಸುವುದರಿಂದ 11,000 ಪ್ರಯತ್ನಗಳೊಳಗೆ ಸಿಕ್ಕಿಬೀಳುತ್ತದೆ ಎಂದು ಸ್ಟೆಫಾನ್ ಫೀಬೋಕ್ 2011ರಲ್ಲೇ ತೋರಿಸಿದ್ದರು. ಆದ್ದರಿಂದ ಅಡ್ಮಿನ್ ಪಾಸ್‌ವರ್ಡನ್ನು ಇವತ್ತೇ ಬದಲಿಸಿ, ಡಬ್ಲ್ಯುಪಿಎಸ್ ಆಫ್ ಮಾಡಿ. ಹಾಗೆಯೇ ಹೊಸ ಪಾಸ್‌ವರ್ಡ್, ಪಿಪಿಪಿಓಇ ಯೂಸರ್‌ನೇಮ್, ವಿಲ್ಯಾನ್ ಸಂಖ್ಯೆ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ರೂಟರಿನ ಅಡಿಗೆ ಅಂಟಿಸಿಬಿಡಿ. ಮುಂದಿನ ಸಲ ದೂರು ಕೊಡಲು ಫೋನು ಮಾಡುವಾಗ ‘ವೈಫೈ ಬರ್ತಿಲ್ಲ’ ಎನ್ನುವ ಬದಲು ಲಾಸ್ ದೀಪದ ಬಣ್ಣ ಯಾವುದು, ಯಾವ ಪಿಂಗ್‌ಗೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ ಎಂದು ಹೇಳಿ.